ಎಗ್ಗಿಲ್ಲದ ಷಡ್ಡಕ

ನನ್ನ ಷಡ್ಡಕನಿಗೆ ಯಾವ ಪದಾರ್ಥವೂ ಇದ್ದ ಹಾಗೆ ಇದ್ದರೆ ನಿದ್ದೆ ಬರುವುದಿಲ್ಲ. ಒಬ್ಬಟ್ಟಿನ ಹೂರಣಕ್ಕೆ ಪೀನಟ್ ಬಟರ್ ಬೆರೆಸುತ್ತಾನೆ. ಉಪ್ಪಿಟ್ಟಿನ ಮೇಲೆ ಚೀಸ್ ತುರಿಯುತ್ತಾನೆ. ಒಂದು ವರ್ಷ ಗಣಪತಿಗೆ ಇಪ್ಪತ್ತು ಕಡುಬು ಇಟ್ಟು ಇಪ್ಪತ್ತೊಂದನೆಯದಾಗಿ ಡೋನಟ್ ಇಟ್ಟಿದ್ದ. ಇದೇನಪ್ಪಾ ಅಂದರೆ, "ಒಂದೀಟು ಟ್ವಿಸ್ಟ್ ಕೊಟ್ಟೇನ್ರಿ ಅಣ್ಣಾರ" ಅನ್ನುತ್ತಾನೆ. ಹಾಗನ್ನುವಾಗ ಅವನ ಮುಖದಲ್ಲಿ ಪರೀಕ್ಷೆಯಲ್ಲಿ ಮೊದಲು ಉತ್ತರಪತ್ರಿಕೆ ಕೊಟ್ಟು ಹೊರಬಂದ ಹುಡುಗನ ಕಳೆ ಇರುತ್ತದೆ.

ಇಂಥವರೊಬ್ಬರು ನಿಮ್ಮ ಮನೆಯಲ್ಲೂ ಇರುತ್ತಾರೆ. ಸಿನಿಮಾದ ಕಥೆ ಹೇಳಿದರೆ ಕೊನೆಯನ್ನು ಬದಲಾಯಿಸಿ ಹೇಳುವವರು, ನೆಟ್ಟಗೆ ಹೋಗುವ ದಾರಿ ಬಿಟ್ಟು ಒಳದಾರಿ ಹಿಡಿಸಿ ಮುಹೂರ್ತ ತಪ್ಪಿಸುವವರು. ಇವರಿಗೆ ಪಾಕವಿಧಾನ ಅಂದರೆ ಮಳೆಗಾಲದ ಹವಾಮಾನ ವರದಿ. ಕೇಳಿಸಿಕೊಳ್ಳುತ್ತಾರೆ, ನಂಬುವುದಿಲ್ಲ. ಉಳಿದವರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಈ ಒಬ್ಬನ ಮೇಲೆ, ಅದೂ ಮೊಟ್ಟೆಯ ವಿಷಯದಲ್ಲಿ.

ನಾನು ಮೈಸೂರಿನವನು, ಅವನು ಹಾವೇರಿ ಜಿಲ್ಲೆಯ ಬ್ಯಾಡಗಿ ಹತ್ತಿರದ ಹಳ್ಳಿಯವನು. ನಮ್ಮಿಬ್ಬರನ್ನು ಗಂಟು ಹಾಕಿದ್ದು ದಾವಣಗೆರೆಯ ಒಬ್ಬ ಮಾವ. ಈಗ ಇಬ್ಬರೂ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇವೆ. ನಾನು ರಾಲಿಯ ಪಕ್ಕದಲ್ಲಿ, ಅವನು ಶಾರ್ಲೆಟ್‌ನಲ್ಲಿ. ನಡುವೆ ಎರಡೂವರೆ ಗಂಟೆಯ ಹಾದಿ. ಅದು ಇನ್ನೂ ಸ್ವಲ್ಪ ಉದ್ದವಿರಬೇಕಿತ್ತು ಎಂದು ನನಗೆ ಅನ್ನಿಸಿದ್ದು ಎರಡು ವರ್ಷದ ಹಿಂದಿನ ಈಸ್ಟರ್ ಭಾನುವಾರ.

ಈ ದಕ್ಷಿಣದ ರಾಜ್ಯಗಳಲ್ಲಿ ಡೆವಿಲ್ಡ್ ಎಗ್ ಅಂದರೆ ನಮ್ಮ ಊಟದೆಲೆಯ ಕೋಸಂಬರಿ ಇದ್ದ ಹಾಗೆ. ಈಸ್ಟರ್‌ಗೂ ಬೇಕು, ಥ್ಯಾಂಕ್ಸ್‌ಗಿವಿಂಗ್‌ಗೂ ಬೇಕು, ಸತ್ತವರ ಮನೆಗೆ ಊಟ ಒಯ್ಯುವಾಗಲೂ ಬೇಕು. ಬೇಯಿಸಿದ ಮೊಟ್ಟೆಯನ್ನು ಉದ್ದಕ್ಕೆ ಸೀಳಿ, ಹಳದಿಯನ್ನು ತೆಗೆದು ಮಯೊನೇಸ್, ಸಾಸಿವೆಯ ಗೊಜ್ಜು, ಚೂರು ಸಿಹಿ ಉಪ್ಪಿನಕಾಯಿ ಹಾಕಿ ನುಣ್ಣಗೆ ಕಲಸಿ, ಮತ್ತೆ ಆ ಗುಳಿಗೇ ತುಂಬಿ, ಮೇಲೆ ಕೆಂಪಗೆ ಪ್ಯಾಪ್ರಿಕಾ ಉದುರಿಸಿದರೆ ಆಯಿತು. ಹೋಳುಗಳು ಜಾರಬಾರದೆಂದು ಮೊಟ್ಟೆಯಾಕಾರದ ಗುಳಿಗಳಿರುವ ತಟ್ಟೆಯೇ ಬೇರೆ ಇರುತ್ತದೆ. ಇಲ್ಲಿನ ಅಜ್ಜಿಯಂದಿರು ಅದನ್ನು ಮೊಮ್ಮಕ್ಕಳಿಗೆ ಬಿಟ್ಟುಹೋಗುತ್ತಾರೆ.

ನನಗೆ ಇದನ್ನು ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ವಯಸ್ಸು ಎಂಬತ್ತು ದಾಟಿದೆ. ಮಯೊನೇಸ್ ಅಂದರೆ ಆಕೆಗೆ ಡ್ಯೂಕ್ಸ್ ಒಂದೇ. 1917ರಲ್ಲಿ ಸೌತ್ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಯೂಜೀನಿಯಾ ಡ್ಯೂಕ್ ಎಂಬ ಹೆಂಗಸು ಸೈನಿಕರಿಗೆ ಸ್ಯಾಂಡ್‌ವಿಚ್ ಮಾರುತ್ತಾ ಶುರು ಮಾಡಿದ ಮಯೊನೇಸ್ ಅದು. ಸಕ್ಕರೆ ಹಾಕುವುದಿಲ್ಲ. ಬೇರೆ ಬಾಟಲಿ ಮನೆಗೆ ತಂದರೆ ಆಕೆ ನನ್ನನ್ನು ನೋಡುವ ರೀತಿ, ನಮ್ಮಮ್ಮ ಅಂಗಡಿಯ ಸಾರಿನ ಪುಡಿ ಕಂಡಾಗ ನೋಡುತ್ತಿದ್ದ ರೀತಿಯೇ.

ಮೊದಲ ಸಲ ನಾನು ಭಕ್ತಿಯಿಂದ ತೀರಾ ತಾಜಾ ಮೊಟ್ಟೆ ತಂದು ಬೇಯಿಸಿದೆ. ಸುಲಿದಾಗ ಚಿಪ್ಪಿನ ಜೊತೆ ಅರ್ಧ ಬಿಳಿಯೂ ಕಿತ್ತುಕೊಂಡು ಬಂತು. ಚಂದ್ರನ ಮೇಲ್ಮೈಯ ಹಾಗಿದ್ದ ಹನ್ನೆರಡು ಮೊಟ್ಟೆಗಳ ಫೋಟೋ ತೆಗೆದು ಷಡ್ಡಕನಿಗೆ ಕಳಿಸಿದ್ದೇ ನನ್ನ ತಪ್ಪು. ಆ ಕ್ಷಣದಿಂದ ಅವನು ಈ ವಿದ್ಯೆಯ ಒಳಗೆ ಬಂದ. ಮುಕ್ಕಾಲು ಗಂಟೆ ಫೋನಿನಲ್ಲಿ ಪಾಠ ಮಾಡಿದ. ಮೊಟ್ಟೆ ಹಳತಾದಂತೆ ಚಿಪ್ಪಿನ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಬಿಳಿ ಕ್ಷಾರೀಯವಾಗುತ್ತದೆ, ಆಗ ಒಳಪೊರೆ ಅದನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ವಾರ ಹತ್ತು ದಿನ ಫ್ರಿಜ್ಜಿನಲ್ಲಿಟ್ಟ ಮೊಟ್ಟೆ ಬೇಕು. ತಣ್ಣೀರಿನಲ್ಲಿ ಇಟ್ಟು ಬಿಸಿ ಮಾಡಬಾರದು, ಕುದಿಯುವ ನೀರಿಗೇ ಬಿಡಬೇಕು. ಹನ್ನೆರಡು ನಿಮಿಷಕ್ಕೆ ತೆಗೆದು ಐಸ್ ನೀರಿಗೆ ಹಾಕಬೇಕು. ಹೆಚ್ಚು ಬೇಯಿಸಿದರೆ ಬಿಳಿಯ ಗಂಧಕ ಹಳದಿಯ ಕಬ್ಬಿಣಕ್ಕೆ ಸೇರಿ ಸುತ್ತ ಹಸಿರು ಬಳೆ ತೊಡಿಸುತ್ತದೆ. ಅವನು ಹೇಳಿದ್ದೆಲ್ಲ ಸರಿಯಾಗಿತ್ತು. ಇಂಥವರಲ್ಲಿ ಸಹಿಸಲಾಗದ ಗುಣವೇ ಅದು, ಅರ್ಧ ದಾರಿಯವರೆಗೆ ಸರಿಯಾಗಿರುತ್ತಾರೆ.

ಆಮೇಲೆ ಶುರುವಾದವು ಅವನ ಪ್ರಯೋಗಗಳು. ಬಾಲ್ಟಿಮೋರಿನ ಓಲ್ಡ್ ಬೇ ಮಸಾಲೆ ಹಾಕಿದ. ಏಡಿಗೆ ಹಾಕುವ ಮಸಾಲೆ ಅದು, ಚೆನ್ನಾಗಿಯೇ ಇತ್ತು, ಅಲ್ಲಿಗೆ ನಿಲ್ಲಿಸಬಹುದಿತ್ತು. ವಾಂಗಿಬಾತ್ ಪುಡಿ ಹಾಕಿದ. ಪುಳಿಯೋಗರೆ ಗೊಜ್ಜು ಹಾಕಿ ಹಳದಿಯನ್ನು ಕೆಸರಿನ ಬಣ್ಣಕ್ಕೆ ತಂದ. ಸಾಸಿವೆ ಗೊಜ್ಜಿನ ಬದಲು ಸಾಸಿವೆ ಒಗ್ಗರಣೆಯನ್ನೇ ಸುರಿದ. ಕಲಸಿದ್ದನ್ನು ಜಿಪ್‌ಲಾಕ್ ಚೀಲಕ್ಕೆ ತುಂಬಿ, ಮೂಲೆ ಕತ್ತರಿಸಿ, ಮೆಹಂದಿ ಕೋನ್ ಹಿಡಿದವರ ಹಾಗೆ ನಾಲಿಗೆ ಹೊರಚಾಚಿ ಒಂದೊಂದೇ ಗುಳಿ ತುಂಬುತ್ತಾನೆ. ಆಗ ಅವನನ್ನು ನೋಡಿದರೆ ಬೈಯಲು ಮನಸ್ಸಾಗುವುದಿಲ್ಲ. ತಿಂದ ಮೇಲೆ ಆಗುತ್ತದೆ.

ಅಡ್ಡ ಮಾತನಾಡಿದರೆ ಚರಿತ್ರೆ ತೆಗೆಯುತ್ತಾನೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೆಣಸು, ಸಾಸಿವೆ ಜಡಿದು ಬಾಯಿ ಸುಡುವಂತೆ ಮಾಡಿದ ತಿನಿಸಿಗೆ 'ಡೆವಿಲ್' ಅನ್ನುತ್ತಿದ್ದರು, ಸೈತಾನ ಬಂದದ್ದು ಹಾಗೆ. ಮೊಟ್ಟೆಯ ಹಳದಿಗೆ ಮಯೊನೇಸ್ ಸೇರಿಸಬಹುದು ಎಂದು ಫ್ಯಾನಿ ಫಾರ್ಮರ್ ತನ್ನ ಅಡುಗೆ ಪುಸ್ತಕದಲ್ಲಿ ಬರೆದದ್ದು 1896ರಲ್ಲಿ. "ಹೆಸರು ಸೈತಾನಂದು, ರುಚಿ ಮಾತ್ರ ಸಪ್ಪ. ಇದು ಗಿರಾಕಿಗೆ ಮೋಸ ಅಲ್ಲೇನ್ರಿ?" ಎನ್ನುವುದು ಅವನ ವಾದ. ಇತ್ತ ನನ್ನ ಅಜ್ಜಿ ಚರ್ಚಿಗೆ ಒಯ್ಯುವಾಗ ಸೈತಾನನ ಹೆಸರೂ ಎತ್ತುವುದಿಲ್ಲ, 'ಡ್ರೆಸ್ಡ್ ಎಗ್ಸ್' ಅನ್ನುತ್ತಾಳೆ.

ಇನ್ನು ಆ ಭಾನುವಾರಕ್ಕೆ ಬರೋಣ. ಅಜ್ಜಿಯ ಹಿತ್ತಲಲ್ಲಿ ಈಸ್ಟರ್ ಊಟ. ಚರ್ಚಿನ ಪಾದ್ರಿಯೂ ಬರುವವರಿದ್ದರು. ಮೊಟ್ಟೆ ತರುವ ಜವಾಬ್ದಾರಿಯನ್ನು ಆಕೆ ಮೊದಲ ಬಾರಿಗೆ ನನಗೆ ಒಪ್ಪಿಸಿ, ತನ್ನ ಇಪ್ಪತ್ತನಾಲ್ಕು ಗುಳಿಯ ತಟ್ಟೆಯನ್ನೂ ಕೊಟ್ಟಿದ್ದಳು. ಹತ್ತು ದಿನದ ಹಿಂದೆಯೇ ಮೊಟ್ಟೆ ತಂದಿಟ್ಟಿದ್ದೆ. ಚಿಪ್ಪು ಒಂದೂ ಕೈ ಕೊಡಲಿಲ್ಲ. ಹಳದಿಯನ್ನು ಜರಡಿಯಲ್ಲಿ ಒತ್ತಿ ತೆಗೆದೆ. ಪ್ರತಿ ಹೋಳು ಸೀಳಿದ ಮೇಲೂ ಚಾಕು ಒರೆಸಿದೆ. ಮೈಸೂರಿನ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಪ್ಯಾಪ್ರಿಕಾ ಉದುರಿಸುವುದೊಂದು ಬಾಕಿ ಇತ್ತು. ಸ್ನಾನ ಮಾಡಿ ಬರುತ್ತೇನೆಂದು ಮೇಲೆ ಹೋದೆ. ಷಡ್ಡಕ ಶಾರ್ಲೆಟ್‌ನಿಂದ ಬಂದಿಳಿದಿದ್ದ.

ಕೆಳಗೆ ಬಂದಾಗ ತಟ್ಟೆ ಪ್ಲಾಸ್ಟಿಕ್ ಹೊದ್ದು ಸಿದ್ಧವಾಗಿತ್ತು. ಎಲ್ಲದರ ಮೇಲೂ ಒಂದೇ ಸಮ, ಎಷ್ಟು ಬೇಕೋ ಅಷ್ಟೇ ಕೆಂಪು. "ಪ್ಯಾಪ್ರಿಕಾ ಹಾಕಿದೆಯಾ?" ಅಂದೆ. "ಹಾಕೇನ್ರಿ" ಅಂದ. ಏನನ್ನು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಹಾಗೆ. ಬಣ್ಣ ಕಡುಗೆಂಪು, ಖಾರ ಕಡಿಮೆ; ಆ ಬಣ್ಣದ ಸತ್ವವನ್ನು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಅದನ್ನು ಪ್ಯಾಪ್ರಿಕಾ ಪಕ್ಕ ಇಟ್ಟರೆ ಹಂಗೆರಿಯವರಿಗೂ ಗೊಂದಲವಾದೀತು. ಅದೊಂದನ್ನೇ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಖಾರ ಸಾಲದು ಎಂದು ಅವನು ಅದಕ್ಕೆ ಒಂದೀಟು ಸಂಕೇಶ್ವರಿ ಮೆಣಸಿನಕಾಯಿ ಸೇರಿಸಿದ್ದ. ಜೊತೆಗೆ ಒಣಗಿಸಿದ ಬೆಳ್ಳುಳ್ಳಿ. ಜೊತೆಗೆ ಇಂಗು.

ಪಾದ್ರಿ ಮೊದಲನೆಯ ಹೋಳನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಕೆಮ್ಮಿದರು. ಕಣ್ಣೊರೆಸಿಕೊಂಡು ಟೀ ಇಟ್ಟಿದ್ದ ಕಡೆ ನಡೆದರು. ಅಜ್ಜಿ ಒಂದನ್ನು ತೆಗೆದುಕೊಂಡಳು, ಅಗಿದಳು, ನಿಂತಳು. ನನ್ನ ಕಡೆ ನೋಡಲಿಲ್ಲ, ಷಡ್ಡಕನ ಕಡೆ ನೋಡಿ ನಕ್ಕು, "ಇದು ಡಿಫರೆಂಟ್ ಆಗಿದೆ" ಅಂದಳು.

ಈ ನಾಡಿನ ಮರ್ಯಾದಸ್ಥರು ಒಂದು ತಿನಿಸನ್ನು 'ಡಿಫರೆಂಟ್' ಅಂದರೆ ಅದನ್ನು ಮತ್ತೆ ತರಬೇಡ ಎಂದು ಅರ್ಥ. ನಮ್ಮ ಗಾಂಧಿನಗರದಲ್ಲಿ ಅದೇ ಮಾತಿಗೆ ನೂರು ದಿನ ಓಡುವ ಚಿತ್ರ ಎಂದು ಅರ್ಥ. ಷಡ್ಡಕ ಗಾಂಧಿನಗರದ ಅರ್ಥ ಹಿಡಿದ. "ಕೇಳಿದ್ರಿಲ್ರಿ ಅಣ್ಣಾರ, ಡಿಫರೆಂಟ್ ಅಂತ!" ಎಂದು ಎಗ್ಗಿಲ್ಲದೆ ತಟ್ಟೆ ಹಿಡಿದು ಎಲ್ಲರ ಮುಂದೂ ಒಂದು ಸುತ್ತು ಬಂದ. ಇಪ್ಪತ್ತನಾಲ್ಕರಲ್ಲಿ ಹದಿನೇಳು ನಮ್ಮ ಮನೆಗೇ ವಾಪಸಾದವು.

ಇದನ್ನು ಓದಿದ ನನ್ನ ಹೆಂಡತಿ, "ಪಾದ್ರಿ ಕೆಮ್ಮಿದ್ದು ನಿಜ. ಆದರೆ ಅವರಿಗೆ ಬರುವಾಗಲೇ ನೆಗಡಿ ಇತ್ತು. ನೀವೂ ಕಮ್ಮಿ ಟ್ವಿಸ್ಟ್ ಕೊಡೋರಲ್ಲ" ಅಂದಳು. ದಾವಣಗೆರೆಯವರು ಯಾವಾಗಲೂ ತಂಗಿಯ ಗಂಡನ ಪಕ್ಷ.

ಬಿಸಿಲಿನಲ್ಲಿ ಎರಡು ಗಂಟೆ ದಾಟಿದ ಮೊಟ್ಟೆಯನ್ನು ಇಟ್ಟುಕೊಳ್ಳಬಾರದು. ಹಾಗಾಗಿ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಹದಿನೇಳನ್ನೂ ಕಸದ ಬುಟ್ಟಿಗೆ ಸುರಿಯಲು ಹೊರಟೆ. ಸುರಿಯುವ ಮೊದಲು, ನಿಯಮ ಗಿಯಮ ಮರೆತು, ಎಷ್ಟು ಕೆಟ್ಟಿದೆ ನೋಡೋಣ ಎಂದು ಒಂದನ್ನು ಬಾಯಿಗಿಟ್ಟೆ. ಮಯೊನೇಸಿನ ಹುಳಿ ಕಳೆದು, ಬೆಳ್ಳುಳ್ಳಿ ಬಂದು, ಕಡೆಯಲ್ಲಿ ಇಂಗು ಮೂಗಿಗೆ ಏರಿತು. ಎರಡನೆಯದನ್ನೂ ತಿಂದೆ. ಈ ಸಂಗತಿ ಷಡ್ಡಕನಿಗೆ ಗೊತ್ತಿಲ್ಲ. ಅವನು ಕನ್ನಡ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಅಷ್ಟರಲ್ಲಿ ಅವನು ಒಳಗೆ ಬಂದ. ಬುಟ್ಟಿ ನೋಡಿದ. ಬೇಸರಪಡಲಿಲ್ಲ. ಪುಡಿಯ ಡಬ್ಬಿ ತೆಗೆದು ಮೂಸಿ, "ಬರ್ಲಿಲ್ರಿ ಇನ್ನೂ" ಅಂದ. ಏನು ಬರಲಿಲ್ಲ ಅಂದೆ. ಅವ್ವನ ಪುಡಿಯ ಘಮ ಬರಲಿಲ್ಲವಂತೆ. ಅವರವ್ವ ಮೊಟ್ಟೆ ಇರುವ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಆರು ತಿಂಗಳು ಇಲ್ಲಿಗೆ ಬಂದಿದ್ದಾಗ ಮಗ ಗ್ಯಾರೇಜಿನಲ್ಲಿ ಕಳ್ಳನ ಹಾಗೆ ಮೊಟ್ಟೆ ಬೇಯಿಸಿಕೊಳ್ಳುತ್ತಿದ್ದ. ರೊಟ್ಟಿ ಮೊಸರಿನ ಜೊತೆಗೆಂದು ಆಕೆ ಮಾಡಿಟ್ಟುಹೋದ ಕೆಂಪು ಚಟ್ನಿಪುಡಿಯನ್ನು ಅದೇ ಗ್ಯಾರೇಜಿನಲ್ಲಿ ಮೊಟ್ಟೆಯ ಮೇಲೆ ಉದುರಿಸಿಕೊಂಡು ತಿಂದದ್ದು ಅವನ ಮೊದಲ ಟ್ವಿಸ್ಟ್. ಆಕೆ ಹೋಗಿ ನಾಲ್ಕು ವರ್ಷವಾಯಿತು. ಅಳತೆ ಬರೆದಿಡಲಿಲ್ಲ. ಓಲ್ಡ್ ಬೇಯಿಂದ ಪುಳಿಯೋಗರೆಯವರೆಗೆ ನಾನು ತಿಂದದ್ದೆಲ್ಲ, ಬಹುಶಃ, ಆ ಡಬ್ಬಿ ಖಾಲಿಯಾದ ಮೇಲಿನ ಹುಡುಕಾಟ. ಹೀಗೆಂದು ಮೊದಲೇ ಹೇಳಿದ್ದರೆ ನಾನು ಬೈಯುತ್ತಿರಲಿಲ್ಲ. ಆದರೆ ಪುಳಿಯೋಗರೆ ಗೊಜ್ಜು ಹಾಕಿದ್ದನ್ನು ಈಗಲೂ ಕ್ಷಮಿಸಲಾರೆ.

ಈಗ ಒಪ್ಪಂದವಾಗಿದೆ. ತಟ್ಟೆಯಲ್ಲಿ ಹನ್ನೆರಡು ಗುಳಿ ಅಜ್ಜಿಯ ಲೆಕ್ಕಕ್ಕೆ, ಸಾದಾ. ಹನ್ನೆರಡು ಅವನ ಲೆಕ್ಕಕ್ಕೆ. ಕಳೆದ ಈಸ್ಟರ್‌ನಲ್ಲಿ ಅವನ ಕಡೆಯವು ಐದು ಖರ್ಚಾದವು, ಅದರಲ್ಲಿ ಮೂರು ನನ್ನವು. ಇಲ್ಲಿನ ಅಂಗಡಿಯ ಪೊಟ್ಟಣದ ಮೆಣಸಿನಕಾಯಿಗೆ ಆ ಕಂಪು ಬರುವುದಿಲ್ಲ ಎಂದು ಅವನ ದೂರು, ಅದು ನಿಜವೂ ಇರಬೇಕು. ಆದ್ದರಿಂದ ರಾಲಿ ಅಥವಾ ಶಾರ್ಲೆಟ್ ಕಡೆ ಬರುವವರು ಯಾರಾದರೂ ಇದ್ದರೆ ದಯವಿಟ್ಟು ಅರ್ಧ ಕಿಲೋ ಬ್ಯಾಡಗಿ ತನ್ನಿ. ಡಬ್ಬಿ ತಳಿಯದಲ್ಲ, ಕಡ್ಡಿ ತಳಿಯದು. ತೊಟ್ಟು ಮುರಿಯಬೇಡಿ. ಕಸ್ಟಮ್ಸ್‌ನವರು ಕೇಳಿದರೆ ಮುಚ್ಚಿಡದೆ ಹೇಳಿ.