ಟೇಪು ಹೊಟ್ಟೆ ಬಿಟ್ಟರೆ

ಹುಣಸೂರಿನ ತಾಲ್ಲೂಕು ಕಚೇರಿ ಆಸುಪಾಸಿನ ಜೆರಾಕ್ಸ್ ಅಂಗಡಿಯಲ್ಲಿ ಸರ್ವೆ ಸಾರ್ ಎಲ್ಲಿ ಎಂದು ಕೇಳಿ ನೋಡಿ. "ಎರಡ್ನೇ ಟೀಗೆ ಹೋಗವ್ರೆ" ಅನ್ನುತ್ತಾರೆ. ಬೆಳಿಗ್ಗೆ ಕೇಳಿದರೂ ಎರಡನೇ ಟೀ, ಸಂಜೆ ಕೇಳಿದರೂ ಎರಡನೇ ಟೀ. ಊರನ್ನೆಲ್ಲ ಅಂಗುಲದ ಲೆಕ್ಕದಲ್ಲಿ ಅಳೆಯುವವರು ಟೀಯನ್ನು ಮಾತ್ರ ಅಂದಾಜಿಗೆ ಬಿಟ್ಟಿದ್ದಾರೆ.

ಇಂಥವರು ಪಿರಿಯಾಪಟ್ಟಣದಲ್ಲೂ ಸಿಗುತ್ತಾರೆ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲೂ ಸಿಗುತ್ತಾರೆ. ಬೈಕಿಗೆ ನೇತುಬಿಟ್ಟ ರೆಕ್ಸಿನ್ ಬ್ಯಾಗು, ಅದರೊಳಗೆ 30 ಮೀಟರಿನ ಟೇಪು, ತೂಗುಗುಂಡು, ಕೆಂಪು ಪೇಂಟಿನ ಡಬ್ಬಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆಗೆ ನಿಂತವನು ಕಾಲಿನ್ ಮೆಕೆಂಜಿ. ಅಲ್ಲಿಂದೀಚೆಗೆ ಈ ಸೀಮೆಯನ್ನು ಸರಿಯಾಗಿ ಅಳೆದವರು ಇಬ್ಬರೇ ಎಂಬುದು ನಮ್ಮ ಸರ್ವೆ ಸಾರ್ ನಂಬಿಕೆ. ಇನ್ನೊಬ್ಬರು ಯಾರೆಂದು ಕೇಳಿದರೆ ನಾಚಿಕೊಳ್ಳುತ್ತಾರೆ.

ಸೈಟು, ಮನೆ ವ್ಯಾಪಾರದಲ್ಲಿ ಎಲ್ಲರದ್ದೂ ಶುಭವಾಕ್ಯ. ಮಾರುವವನು, ಬ್ರೋಕರು, ವಾಸ್ತು ಹೇಳುವವರು, ಸಾಲ ಕೊಡಿಸುವವರು, ಒಬ್ಬರ ಬಾಯಲ್ಲೂ ಅಪಶಕುನ ಬರುವುದಿಲ್ಲ. ದುಡ್ಡು ತೆಗೆದುಕೊಂಡು ಕೆಟ್ಟ ಸುದ್ದಿ ಹೇಳುವವರು ಇವರೊಬ್ಬರೇ. ಅದಕ್ಕೇ ಜನ ಇವರನ್ನು ಅಡ್ವಾನ್ಸ್ ಕೊಟ್ಟಾದ ಮೇಲೆ ಕರೆಯುತ್ತಾರೆ. ವಾಸ್ತುವಿನವರಿಗೆ ತಾಂಬೂಲದ ಜೊತೆ ಗರಿಗರಿ ನೋಟಿಟ್ಟು ಕಾಲಿಗೆ ಬೀಳುವ ಯಜಮಾನರು ಇವರ ಫೀಸು ಕೇಳಿದೊಡನೆ, "ಟೇಪ್ ಹಿಡಿಯಕ್ಕೆ ಇಷ್ಟಾ?" ಎಂದು ಹೌಹಾರುತ್ತಾರೆ.

ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬರುವ ಕಾಲವೇ ಇವರಿಗೂ ಸುಗ್ಗಿ. "ಥರ್ಟಿ ಫಾರ್ಟಿ ತಗಂಡಿವ್ನಿ ಸಾರ್, ಒಂದ್ಸಲ ನೋಡ್ಬುಡಿ" ಎಂದು ಗೌಡರು ಬರುತ್ತಾರೆ. ಆ ತುದಿ ಹಿಡಿದ ಹುಡುಗ ಟೇಪನ್ನು ಕೊಂಚ ಸಡಿಲ ಬಿಟ್ಟನೋ, ಗದರಿಕೆ ಗ್ಯಾರಂಟಿ: "ಬಿಗಿ ಹಿಡಿಯೋ! ಟೇಪು ಹೊಟ್ಟೆ ಬಿಟ್ರೆ ಸೈಟು ಬೆಳೀತದೆ."

ಬಿಗಿ ಹಿಡಿದಾಗ ಅಗಲ 28.5 ಅಡಿ, ಉದ್ದ 39.

"88.5 ಚದರಡಿ ಕಮ್ಮಿ ಗೌಡ್ರೆ."

"ಅಂಗಂದ್ರೆ?"

"ನಿಮ್ ಬಚ್ಚಲುಮನೆ, ದೇವ್ರ ಮನೆ ಎರಡೂ ಹೋದೊ."

"ಎಲ್ಲಿಗೆ ಹೋದೊ?"

ಸಾರ್ ಮಾತಾಡುವುದಿಲ್ಲ. ಪಕ್ಕದವರ ಕಾಂಪೌಂಡಿನ ಕಡೆ ಪೆನ್ಸಿಲ್ ತೋರಿಸುತ್ತಾರೆ. ಅಲ್ಲಿಂದಾಚೆಗಿನ ಮಾತುಕತೆ ಇಲ್ಲಿ ಬರೆಯುವಂಥದ್ದಲ್ಲ.

ಕಟ್ಟಿದ ಮನೆ ನೋಡಲು ಕರೆದರೆ ಇನ್ನೂ ಕಷ್ಟ. ಕೆ.ಆರ್. ನಗರದ ಕಡೆ ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಬಡಾವಣೆಯೊಂದರಲ್ಲಿ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಸಾರ್ ಮುಖ ಗಂಟಿಕ್ಕಿತು.

"ಬಣ್ಣ ಯಾಕೆ ಹೊಡ್ಸಿದ್ರಿ?"

"ಹಬ್ಬಕ್ಕೆ."

"ಯಾವ ಹಬ್ಬ?"

ಮನೆಯವರು ಪಂಚಾಂಗ ಹುಡುಕುವಷ್ಟರಲ್ಲಿ ಇವರು ಗೋಡೆಗೆ ಬೆರಳಿನ ಗೆಣ್ಣು ಬಡಿದು, ಕಿಟಕಿ ಮೂಲೆಯಿಂದ ಓರೆಯಾಗಿ ಏರಿದ್ದ ಬಿರುಕನ್ನು ಬಣ್ಣದಡಿಯಿಂದ ಹೊರಗೆಳೆದಿದ್ದರು. ತುಂಬಿಸಿದ ಮಣ್ಣು ಒಂದು ಕಡೆ ಕುಸಿದಿತ್ತು, ಪಾಯವೂ ಅದರ ಜೊತೆಗೇ ಇಳಿದಿತ್ತು.

ಆದರೆ ಇವರ ಪ್ರತಿಭೆಯೆಲ್ಲ ಬೆಳಗುವುದು ಎಚ್.ಡಿ. ಕೋಟೆ ಸೀಮೆಯಲ್ಲಿ. ಬೇಸಿಗೆಯಲ್ಲಿ ಬೆಂಗಳೂರಿನ ದಂಪತಿ ಕಾರಿಳಿದರು. ಮುಂದೆ ಹಸಿರು ಹುಲ್ಲು, ದೂರದಲ್ಲಿ ಕಬಿನಿ ಹಿನ್ನೀರು, ಅದರಾಚೆ ಕಾಡು. ಏಜೆಂಟನ ಬಾಯಲ್ಲಿ ಆಗಲೇ ಆನೆ, ಹುಲಿ, ಕರಿಚಿರತೆ ಒಂದರ ಹಿಂದೊಂದು ನೀರಿಗಿಳಿಯುತ್ತಿದ್ದವು. ಸಾರ್ ಉಪಕರಣ ನಿಲ್ಲಿಸಿ, ಮಟ್ಟ ನೋಡಿ, ಕೂಡಿ ಕಳೆದು ಹೇಳಿದರು:

"ಡ್ಯಾಮು ತುಂಬಿದ್ರೆ 2284 ಅಡಿ. ನಿಮ್ಮ ಮನೆ ಹಾಲ್ ಬರೋದು 2282ರಲ್ಲಿ ಮೇಡಂ."

"ಅಂದ್ರೆ?"

"ಮಳೆಗಾಲದಲ್ಲಿ ಸೋಫಾ ಮೇಲೆ ನಿಂತ್ಕೋಬೇಕು."

ಏಜೆಂಟ್ ನಕ್ಕ. "ಸಾರ್‌ಗೆ ತಮಾಷೆ ಜಾಸ್ತಿ. ನೀರು ಹತ್ರ ಬಂದಷ್ಟೂ ವ್ಯೂ ಅಲ್ವಾ ಮೇಡಂ?"

ದಂಪತಿ ಮುಖ ಮುಖ ನೋಡಿಕೊಂಡರು. ಫೀಸು ಕೊಟ್ಟು, ವರದಿಯನ್ನು ನಾಲ್ಕು ಮಡಿಕೆ ಮಾಡಿ ಡ್ಯಾಶ್‌ಬೋರ್ಡಿನೊಳಗೆ ತುರುಕಿದರು. ಕಾರು ಹೊರಟ ಮೇಲೆ ಡ್ರೈವರನ್ನು ಕೇಳಿದರಂತೆ: "ಇಲ್ಲಿ ಬೇರೆ ಸರ್ವೇಯರ್ ಯಾರಾದ್ರೂ ಸಿಗ್ತಾರಾ?"