ಗರಿಷ್ಠ ಪ್ಯಾಕೇಜ್

ಬೆಂಗಳೂರಿನ ಕಾಲೇಜೊಂದರ ಅಡ್ಮಿಷನ್ ಕೌಂಟರ್. ಗೋಡೆಯ ಫ್ಲೆಕ್ಸಿನಲ್ಲಿ ಟೈ ಕಟ್ಟಿದ ಹುಡುಗ. ತಲೆಯ ಮೇಲೆ ‘ಗರಿಷ್ಠ ಪ್ಯಾಕೇಜ್’, ಹುಡುಗನಿಗಿಂತ ದೊಡ್ಡ ಅಕ್ಷರದಲ್ಲಿ.

“ಸರಾಸರಿ ಎಷ್ಟಮ್ಮಾ?” ರಾಯರು ಕೇಳಿದರು.

“ಅದೂ ಚೆನ್ನಾಗೇ ಇದೆ ಸರ್.”

“ಮೀಡಿಯನ್?” ಮಗಳು ಬಾಯಿ ಹಾಕಿದಳು.

ಕೌನ್ಸೆಲರ್ ಕಾಫಿ ತರಿಸಿದರು. ಫೈನಾನ್ಸ್ ಓದಿಸುವವರಿಗೆ ಈ ಒಂದು ಅಂಕಿ ಯಾಕೋ ನಾಲಿಗೆಗೆ ಬರುವುದಿಲ್ಲ.

“ಬಿ.ಕಾಂ. ಜೊತೆ ಎಸಿಸಿಎ ಸರ್. 13 ಪೇಪರಿನಲ್ಲಿ 9ಕ್ಕೆ ವಿನಾಯಿತಿ!”

“ಉಳಿದ 4?”

“ಅವು... ಸ್ವಲ್ಪ ಕಷ್ಟದವು.”

ಮಗಳು ಅಪ್ಪನತ್ತ ತಿರುಗಿದಳು. “ಬಿ.ಕಾಂ.ನಲ್ಲಿ ಶೇ. 55 ತೆಗೆದರೆ ಫೌಂಡೇಶನ್ ಬರೆಯದೆ ನೇರ ಸಿಎ ಇಂಟರ್‌ಗೆ ಸೇರಬಹುದಪ್ಪ. ಆರ್ಟಿಕಲ್‌ಶಿಪ್ಪೂ ಈಗ 2 ವರ್ಷವೇ. ಅಷ್ಟಕ್ಕೆ ಮನೆ ಹತ್ತಿರದ ಸರ್ಕಾರಿ ಕಾಲೇಜು ಸಾಲದಾ?”

“ಅಲ್ಲಿ ಎಸಿ ಕ್ಲಾಸ್‌ರೂಮ್ ಇಲ್ಲ ಮೇಡಂ!”

ರಾಯರು ಕಾಫಿ ಕೆಳಗಿಟ್ಟರು. “ಎಸಿಗೆ ಪ್ಲೇಸ್‌ಮೆಂಟ್ ಆಗಿದೆಯಾ?”