ಮಡಿ ಅರ್ಥಿಂಗ್ ಮೀಮಾಂಸೆ

‘ಗೃಹಸಂಗೀತಶ್ರವಣಾರ್ಥ ಪ್ರತ್ಯೇಕವಿದ್ಯುನ್ಮಂಡಲ ಭೂಸಂಪರ್ಕವಿಧಾನ’ದ ಬಗ್ಗೆ ಕನ್ನಡದಲ್ಲಿ ಗಂಭೀರ ಚಿಂತನೆ ನಡೆದಿಲ್ಲವೆಂಬ ಕೊರತೆಯನ್ನು ನೀಗಲು ಈ ಪ್ರಬಂಧ ಹೊರಟಿದೆ. ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂಬ ಪಂಚಾಂಗಗಳಲ್ಲಿ ಇದನ್ನು ಮಂಡಿಸಲಾಗುವುದು. ಪ್ರಬಂಧವೆಂದ ಮೇಲೆ ಇತಿಹಾಸ ಇರಲೇಬೇಕು: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು, 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಮುಂದಿನ ವಾದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ.

ವಿಷಯ: ಶ್ರೋತೃಗಳು ತ್ರಿವಿಧ. ಹಾಡು ಕೇಳುವವನು ಮಂದ, ಸ್ಪೀಕರ್ ಕೇಳುವವನು ಮಧ್ಯಮ, ತಂತಿಯನ್ನೇ ಕೇಳುವವನು ಉತ್ತಮ. ಶರಾವತಿಯಿಂದಲೋ ರಾಯಚೂರಿನಿಂದಲೋ ನೂರಾರು ಕಿಲೋಮೀಟರ್ ಅಲ್ಯೂಮಿನಿಯಂ ತಂತಿಯಲ್ಲಿ ಬಂದು, ನಮ್ಮ ಬೀದಿಯ ಕಂಬದಲ್ಲಿ ಕಾಗೆಗಳ ಕಾಲಡಿ ನುಸುಳಿದ ಕರೆಂಟು, ಗೋಡೆಯಿಂದ ಆಂಪ್ಲಿಫೈಯರಿಗೆ ಹೋಗುವ ಕೊನೆಯ ಒಂದೂವರೆ ಮೀಟರ್ ಬೆಳ್ಳಿ ತಂತಿಯಲ್ಲಿ ಪಾವನವಾಗುತ್ತದೆಂಬುದು ಈ ಉತ್ತಮನ ಸ್ವಾನುಭವ.

ಸಂಶಯ: ಹಾಡಿಲ್ಲದಾಗಲೂ ಸ್ಪೀಕರಿನಿಂದ ಗುಂಯ್ ಎಂಬ ನಾದ ಹೊರಡುತ್ತದೆ. ನಮ್ಮ ಕರೆಂಟು 230 ವೋಲ್ಟ್, ಸೆಕೆಂಡಿಗೆ 50 ಆವರ್ತ. ವಿದ್ಯುತ್ ಕಂಪನಿ ಮನೆಮನೆಗೂ ಪುಕ್ಕಟೆ ತಂಬೂರಿ ಮೀಟುತ್ತಿದೆ. ಇದು ನಾದಬ್ರಹ್ಮವೋ, ದೋಷವೋ?

ಪೂರ್ವಪಕ್ಷ: ಧ್ವನಿ ಸಲಹೆಗಾರರೊಬ್ಬರು ಕಾಫಿ ಎರಡು ಸಲ ಆರುವಷ್ಟು ಹೊತ್ತು ಬೋಧಿಸಿದ ಪ್ರಕಾರ, ಮನೆಯ ಅರ್ಥಿಂಗ್ ಮೈಲಿಗೆಯಾಗಿದೆ. ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷೀನು ಅದನ್ನು ಮುಟ್ಟಿವೆ. ಆದ್ದರಿಂದ ಆಂಪ್ಲಿಫೈಯರಿಗೆ ಮಡಿ ಅರ್ಥಿಂಗ್ ಬೇಕು: ಅಂಗಳದಲ್ಲಿ ಬೇರೆ ಗುಂಡಿ, ಎರಡೂವರೆ ಮೀಟರ್ ಪೈಪು, ಇದ್ದಿಲು, ಉಪ್ಪು, ಬೇರೆ ತಂತಿ, ಹಳೆಯದಕ್ಕೆ ಸೋಕಿಸಕೂಡದು. ಅಂಗಳವಿಲ್ಲದ ಫ್ಲ್ಯಾಟಿನವರಿಗೆ ಖನಿಜದ ಪುಡಿ ತುಂಬಿದ ಮರದ ಪೆಟ್ಟಿಗೆ ಸಿಗುತ್ತದೆ. ಅದೇ ಭೂಮಿತಾಯಿ, ಶೆಲ್ಫಿನ ಮೇಲೆ ಇಡಬಹುದು.

ಉತ್ತರಪಕ್ಷ: ಆಂಪ್ಲಿಫೈಯರು ಒಂದು ಗೋಡೆಯ ಪ್ಲಗ್ಗಿನಿಂದ, ಕಂಪ್ಯೂಟರು ಇನ್ನೊಂದು ಗೋಡೆಯ ಪ್ಲಗ್ಗಿನಿಂದ ಅರ್ಥಿಂಗ್ ಪಡೆದಾಗ ಎರಡರ ನಡುವೆ ಚೂರು ವೋಲ್ಟೇಜಿನ ವ್ಯತ್ಯಾಸವಿರುತ್ತದೆ. ಅವೆರಡನ್ನೂ ಆಡಿಯೊ ಕೇಬಲ್ಲಿನಿಂದ ಜೋಡಿಸಿದೊಡನೆ ಕೇಬಲ್ಲಿನ ಹೊರಹೆಣಿಗೆಯಲ್ಲಿ ಕರೆಂಟು ಸುತ್ತು ಹೊಡೆಯುತ್ತದೆ. ಗುಂಯ್ ಹುಟ್ಟುವುದು ಹೆಚ್ಚಾಗಿ ಅಲ್ಲಿ. ಎಲ್ಲವನ್ನೂ ಒಂದೇ ಬೋರ್ಡಿಗೆ ಚುಚ್ಚಿ ನೋಡಿ. ಹೋಗದಿದ್ದರೆ ಟಿವಿಗೆ ಬರುವ ಕೇಬಲ್ ಕಿತ್ತು ನೋಡಿ. ಅರ್ಥಿಂಗಿನ ದಾರಿ ಎರಡಾಗಿದ್ದೇ ರೋಗ, ಸಲಹೆಗಾರರ ಮದ್ದು ಮೂರನೆಯದು.

ಐದನೆಯ ಅಂಗವನ್ನು ಬರೆಯುವ ತಾಳ್ಮೆ ನನಗಿಲ್ಲ. ಏಕೆಂದರೆ ಈ ಮಡಿ ಜನರನ್ನು ಕೊಲ್ಲಬಲ್ಲದು. ಆಂಪ್ಲಿಫೈಯರಿನೊಳಗೆ ಫೇಸ್ ತಂತಿ ಬಿಚ್ಚಿ ಲೋಹದ ಮೈಗೆ ತಾಗಿತೆನ್ನಿ. ಒಂಟಿ ಗುಂಡಿಯಿಂದ ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿಗೆ ಮರಳುವ ದಾರಿಯಲ್ಲಿ ಒಟ್ಟು 10 ಓಮ್ ಇದ್ದರೂ ಹರಿಯುವುದು 23 ಆಂಪಿಯರ್. 16 ಆಂಪಿಯರಿನ ‘ಸಿ’ ಮಾದರಿಯ ಎಂಸಿಬಿ ತಟ್ಟನೆ ಬೀಳಬೇಕಾದರೆ 80ರಿಂದ 160 ಆಂಪಿಯರ್ ಬೇಕು. ಅದು ಬೀಳುವುದಿಲ್ಲ, ನಿಧಾನವಾಗಿ ಬಿಸಿಯಾಗುತ್ತ ಕೂತಿರುತ್ತದೆ. ಅಷ್ಟು ಹೊತ್ತೂ ಆಂಪ್ಲಿಫೈಯರಿನ ಮೈಯೆಲ್ಲ ಕರೆಂಟು. ಹಾಗಾಗಿ ಹೊಸ ಗುಂಡಿ ತೋಡಿದರೂ ಅದನ್ನು ಮನೆಯ ಹಳೆಯ ಅರ್ಥಿಂಗಿಗೆ ಜೋಡಿಸಲೇಬೇಕು. ಇನ್ನು ಗುಂಯ್ ನಿಲ್ಲಿಸಲು ಪ್ಲಗ್ಗಿನ ದಪ್ಪ ಪಿನ್ನನ್ನೇ ಮುರಿಯಿರಿ ಎನ್ನುವ ಜಾಣರಿದ್ದಾರೆ. ಅವರ ಬಗ್ಗೆ ಇಲ್ಲಿ ಅಚ್ಚು ಹಾಕುವಂಥ ಮಾತು ನನ್ನಲ್ಲಿಲ್ಲ.

ನಮ್ಮ ಊರುಗಳಲ್ಲಿ ಎಷ್ಟೋ ಬಾಡಿಗೆ ಮನೆಗಳ ಸ್ವಿಚ್‌ಬೋರ್ಡಿಗೆ ಮೂರು ತೂತುಗಳಿರುತ್ತವೆ, ಮೂರನೆಯದರ ಹಿಂದೆ ತಂತಿಯೇ ಇರುವುದಿಲ್ಲ. ಬಟ್ಟೆ ಒಗೆಯಲು ಬಂದವಳು ‘ಅಮ್ಮಾ, ಮಷೀನು ಜುಂ ಅಂತದೆ’ ಎಂದರೆ ‘ಚಪ್ಪಲಿ ಹಾಕ್ಕೊಂಡು ಮುಟ್ಟು’ ಎಂದು ಉತ್ತರ ಬರುತ್ತದೆ. ಆ ಉತ್ತರ ಕೊಟ್ಟ ಮನೆಯ ಹಾಲಿನಲ್ಲೇ ಬೆಳ್ಳಿ ತಂತಿಯಿರಬಹುದು. ಈ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಕರೆಂಟು ಹೊಡೆದು ಸಾಯುತ್ತಾರೆ. ಅವರಲ್ಲಿ ಯಾರೂ ಸಂಗೀತದ ಸ್ವಚ್ಛತೆ ಸಾಲದೆ ಸತ್ತವರಲ್ಲ.

ಗುಂಯ್ ಇನ್ನೊಂದು ವಾರ ಇರಲಿ ಬಿಡಿ. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ, ಗೀಸರಿನ, ವಾಷಿಂಗ್ ಮಷೀನಿನ ಪ್ಲಗ್ಗಿಗೆ ನಿಜವಾಗಿ ಅರ್ಥಿಂಗ್ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಕರೆಂಟು ಸೋರಿದೊಡನೆ ತಾನೇ ಬೀಳುವ ಸ್ವಿಚ್, ಅಂದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಇಲ್ಲದಿದ್ದರೆ ಹಾಕಿಸಿ. ಬೆಳ್ಳಿ ತಂತಿಗಿಂತ ಅಗ್ಗ. ಅದರ ಮೇಲೊಂದು ಟೆಸ್ಟ್ ಗುಂಡಿ ಇರುತ್ತದೆ. ಆಗಾಗ ಒತ್ತಿ, ಸ್ವಿಚ್ ಬೀಳದಿದ್ದರೆ ಅವತ್ತೇ ಬದಲಿಸಿ.